ಗಾಳಿಗೂ ಬಾಡಿಗೆ: ನಮ್ಮೂರ ಬೊಂಬೆ ಸಮುದ್ರ ದಾಟುವ ಲೆಕ್ಕ

ನಮ್ಮೂರು ಚನ್ನಪಟ್ಟಣ ಬೊಂಬೆಯ ಊರು. ಬೆಂಗಳೂರು–ಮೈಸೂರು ರಸ್ತೆಯಲ್ಲಿ ಹೋಗುವವರು ಕಾರು ನಿಲ್ಲಿಸಿ ಬೊಂಬೆ ಕೊಳ್ಳುವುದನ್ನು ನಾವೆಲ್ಲ ಚಿಕ್ಕಂದಿನಿಂದ ನೋಡಿದ್ದೇವೆ. ಅದೇ ಬೊಂಬೆ ಒಂದು ಡಬ್ಬದಲ್ಲಿ ಕೂತು ಅಮೆರಿಕಕ್ಕೋ ಜರ್ಮನಿಗೋ ಹೋಗುವಾಗ ಎಲ್ಲೆಲ್ಲಿ ಹಣ ಖರ್ಚಾಗುತ್ತದೆ, ಆ ಖರ್ಚನ್ನು ಯಾರು ಹೊರುತ್ತಾರೆ ಎಂಬುದು ಮಾತ್ರ ಬೊಂಬೆ ಮಾಡುವವರ ಮನೆಗಳಲ್ಲೂ ಹೆಚ್ಚು ಜನರಿಗೆ ಗೊತ್ತಿಲ್ಲ. ಪ್ರಥಮ ಪಿಯುಸಿಯ ಬಿಸಿನೆಸ್ ಸ್ಟಡೀಸ್ ಪುಸ್ತಕದಲ್ಲಿ ‘ಸಾರಿಗೆಯು ಸ್ಥಳದ ಅಡಚಣೆಯನ್ನು ನಿವಾರಿಸುತ್ತದೆ’ ಎಂದು ಓದಿದ್ದೇವೆ. ಒಂದು ಅಂಕದ ಪ್ರಶ್ನೆಗೆ ಅಷ್ಟು ಸಾಕು. ವ್ಯಾಪಾರಕ್ಕೆ ಸಾಲದು.

ನನ್ನ ಮಾಮು ಮನೆಯ ಹಿಂದೆಯೇ ಮೂರು ಲೇತ್ ಹಾಕಿಕೊಂಡು ಬೊಂಬೆ ಕೆಲಸ ಮಾಡಿಸುತ್ತಾರೆ. ಆನ್‌ಲೈನ್‌ನಲ್ಲಿ ಬರುವ ಆರ್ಡರುಗಳನ್ನು ಆಪಾ ನೋಡಿಕೊಳ್ಳುತ್ತಾರೆ. ಕಾಲೇಜಿನಿಂದ ಬಂದ ಮೇಲೆ ತೂಕ, ಅಳತೆ, ಬಿಲ್ಲು ನನ್ನ ಕೆಲಸ. ಹಾಗಾಗಿ ಈ ಲೇಖನದ ಅರ್ಧ ಪಾಠ ತರಗತಿಯದು, ಉಳಿದರ್ಧ ಪ್ಯಾಕಿಂಗ್ ಮೇಜಿನದು.

ಮೊದಲು ಕೊರಿಯರ್ ಲೆಕ್ಕ. ವಿಮಾನದಲ್ಲಿ ಹೊರದೇಶಕ್ಕೆ ಕಳಿಸುವ ಕೊರಿಯರಿನವರು ತಕ್ಕಡಿಯ ತೂಕವನ್ನಷ್ಟೇ ನೋಡುವುದಿಲ್ಲ. ಡಬ್ಬದ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಅಳೆದು, ಮೂರನ್ನೂ ಗುಣಿಸಿ, ಸಾಮಾನ್ಯವಾಗಿ 5000ದಿಂದ ಭಾಗಿಸುತ್ತಾರೆ. ಬಂದ ಉತ್ತರಕ್ಕೆ ವಾಲ್ಯೂಮೆಟ್ರಿಕ್ ತೂಕ ಎನ್ನುತ್ತಾರೆ. ನಿಜವಾದ ತೂಕ ಮತ್ತು ಈ ತೂಕ, ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ಬಾಡಿಗೆ. ಒಂದು ಉದಾಹರಣೆ ನೋಡಿ. 60 ಸೆಂ.ಮೀ. ಉದ್ದ, 40 ಅಗಲ, 40 ಎತ್ತರದ ರಟ್ಟಿನ ಡಬ್ಬ. ಗುಣಿಸಿದರೆ 96,000. ಭಾಗಿಸಿದರೆ 19.2. ಅರ್ಧ ಕಿಲೋಗೆ ಏರಿಸಿ 19.5 ಕೆ.ಜಿ. ಎಂದು ಬರೆಯುತ್ತಾರೆ. ಒಳಗಿರುವ ಬೊಂಬೆಗಳ ತೂಕ 9 ಕೆ.ಜಿ. ಮಾತ್ರ ಆಗಿದ್ದರೆ ನಾವು ಹತ್ತೂವರೆ ಕೆ.ಜಿ. ಗಾಳಿಗೆ ಬಾಡಿಗೆ ಕೊಟ್ಟ ಹಾಗಾಯಿತು. ಮಾಮು ಇದನ್ನು ‘ಹವಾ ಕಾ ಕಿರಾಯಾ’ ಎಂದು ಕರೆಯುತ್ತಾರೆ. ಶೀರ್ಷಿಕೆ ಅವರದೇ.

ಇದನ್ನು ಕೇಳಿದವರಿಗೆ ಕೊರಿಯರಿನವರು ಮೋಸ ಮಾಡುತ್ತಿದ್ದಾರೆ ಅನ್ನಿಸುತ್ತದೆ. ಮೋಸವಲ್ಲ. ವಿಮಾನಕ್ಕೆ ಹೊರಬಲ್ಲ ತೂಕಕ್ಕೂ ಮಿತಿ ಇದೆ, ಒಳಗಿನ ಜಾಗಕ್ಕೂ ಮಿತಿ ಇದೆ. ಹತ್ತಿ, ದಿಂಬು, ಬೊಂಬೆಯಂಥ ಹಗುರ ಸಾಮಾನು ತುಂಬಿದರೆ ತೂಕದ ಮಿತಿ ಮುಟ್ಟುವ ಮೊದಲೇ ಜಾಗ ಮುಗಿಯುತ್ತದೆ. ಹಾಗಾಗಿ ಜಾಗವನ್ನು ತೂಕಕ್ಕೆ ಬದಲಾಯಿಸುವ ಒಂದು ಸೂತ್ರ ಅವರಿಗೆ ಬೇಕು. 5000ದ ಅರ್ಥ ಇಷ್ಟೇ: ಒಂದು ಘನ ಮೀಟರ್ ಜಾಗ ಹಿಡಿದರೆ ಕನಿಷ್ಠ 200 ಕೆ.ಜಿ.ಯ ಬಾಡಿಗೆ ಕೊಡಬೇಕು. ನಮ್ಮ ಬೊಂಬೆಗಳು ಆಲೆ ಮರದವು. ಕೈಗೆ ಹಗುರ, ಮಕ್ಕಳಿಗೆ ಒಳ್ಳೆಯದು. ಆದರೆ ಗುಂಡಗಿನ ಬೊಂಬೆಗಳನ್ನು ಎಷ್ಟೇ ಒತ್ತಿ ಜೋಡಿಸಿದರೂ ನಡುವೆ ಖಾಲಿ ಜಾಗ ಉಳಿಯುತ್ತದೆ, ಅರಗಿನ ಬಣ್ಣ ಕೆಡದಂತೆ ಸುತ್ತುವ ಕಾಗದವೂ ಜಾಗ ತಿನ್ನುತ್ತದೆ. ಈ ಸೂತ್ರದಲ್ಲಿ ನಮ್ಮಂಥ ಸಾಮಾನಿಗೆ ಯಾವಾಗಲೂ ಸೋಲು.

ವಿಮಾನ ಬಿಟ್ಟು ಹಡಗಿನಲ್ಲಿ ಕಳಿಸಿದರೆ? ಅಲ್ಲಿ ಲೆಕ್ಕ ಬೇರೆ. ಪೂರ್ತಿ ಕಂಟೇನರ್ ತುಂಬಿಸುವಷ್ಟು ಸಾಮಾನು ಇಲ್ಲದವರು ಬೇರೆಯವರ ಜೊತೆ ಜಾಗ ಹಂಚಿಕೊಳ್ಳಬಹುದು. ಇದಕ್ಕೆ ಎಲ್‌ಸಿಎಲ್ ಎನ್ನುತ್ತಾರೆ. ಒಂದು ಘನ ಮೀಟರ್ ಅಥವಾ ಒಂದು ಟನ್, ಯಾವುದು ಹೆಚ್ಚೋ ಅದರ ಮೇಲೆ ಬಾಡಿಗೆ. ಮೇಲೆ ಹೇಳಿದ ಡಬ್ಬ ಹತ್ತು ಸೇರಿದರೆ 0.96 ಘನ ಮೀಟರ್. ಅಂದರೆ ಹತ್ತು ಡಬ್ಬಕ್ಕೆ ಒಂದು ಯೂನಿಟ್ ಬಾಡಿಗೆ. ಇನ್ನು 20 ಅಡಿಯ ಒಂದು ಕಂಟೇನರಿನಲ್ಲಿ ಸುಮಾರು 28 ಘನ ಮೀಟರ್ ತುಂಬಿದರೆ ನಮ್ಮ 290 ಡಬ್ಬ ಹಿಡಿಯುತ್ತದೆ. ಅಷ್ಟರ ತೂಕ 2,610 ಕೆ.ಜಿ. ಆ ಕಂಟೇನರ್ 20 ಟನ್ನಿಗಿಂತ ಹೆಚ್ಚು ಹೊರಬಲ್ಲದು! ಅಲ್ಲೂ ನಾವು ಗಾಳಿಯನ್ನೇ ಕಳಿಸುತ್ತೇವೆ. ಆದರೆ ಹಡಗಿನ ಗಾಳಿ ವಿಮಾನದ ಗಾಳಿಗಿಂತ ಬಹಳ ಅಗ್ಗ.

ಅಗ್ಗವಾಗಲು ಕಾರಣ ಆ ಕಬ್ಬಿಣದ ಪೆಟ್ಟಿಗೆ. ಸಾಗಣೆಯಲ್ಲಿ ಹೊಸ ಆವಿಷ್ಕಾರ ಎಂದರೆ ಈಗ ಎಲ್ಲರೂ ಡ್ರೋನ್, ರೋಬೋಟ್ ಎನ್ನುತ್ತಾರೆ. ನನ್ನ ಅಭಿಪ್ರಾಯದಲ್ಲಿ ಇದುವರೆಗಿನ ದೊಡ್ಡ ಆವಿಷ್ಕಾರ ಇಂಜಿನ್ನೂ ಇಲ್ಲದ, ಬುದ್ಧಿಯೂ ಇಲ್ಲದ ಆ ಪೆಟ್ಟಿಗೆಯೇ. ಅಮೆರಿಕದಲ್ಲಿ ಲಾರಿ ಕಂಪನಿ ನಡೆಸುತ್ತಿದ್ದ ಮಾಲ್ಕಮ್ ಮೆಕ್ಲೀನ್ ಎಂಬುವರು 1956ರ ಏಪ್ರಿಲ್ 26ರಂದು ‘ಐಡಿಯಲ್ ಎಕ್ಸ್’ ಎಂಬ ಹಳೆಯ ತೈಲದ ಹಡಗಿನ ಮೇಲೆ 58 ಪೆಟ್ಟಿಗೆಗಳನ್ನಿಟ್ಟು ನೆವಾರ್ಕ್‌ನಿಂದ ಹ್ಯೂಸ್ಟನ್‌ಗೆ ಕಳಿಸಿದರು. ಅದಕ್ಕೂ ಮೊದಲು ಮೂಟೆ, ಪೀಪಾಯಿ, ಮರದ ಪೆಟ್ಟಿಗೆ ಎಲ್ಲವನ್ನೂ ಕೂಲಿಗಳು ಒಂದೊಂದಾಗಿ ಹೊತ್ತು ಹಡಗಿಗೆ ಏರಿಸುತ್ತಿದ್ದರು. ಹಡಗು ಸಮುದ್ರದಲ್ಲಿ ಓಡುವಷ್ಟೇ ದಿನ ಬಂದರಿನಲ್ಲೂ ನಿಂತಿರುತ್ತಿತ್ತು. ಆ ಕಾಲದಲ್ಲಿ ಬಿಡಿ ಸಾಮಾನನ್ನು ಹಡಗಿಗೆ ತುಂಬಲು ಟನ್ನಿಗೆ 5.86 ಡಾಲರ್ ಆಗುತ್ತಿತ್ತು. ಐಡಿಯಲ್ ಎಕ್ಸ್‌ಗೆ ತಗುಲಿದ್ದು ಟನ್ನಿಗೆ 16 ಸೆಂಟಿಗೂ ಕಡಿಮೆ. ಎರಡಕ್ಕೂ ಭಾಗಾಕಾರ ಮಾಡಿ ನೋಡಿ, 36 ಪಟ್ಟಿಗಿಂತ ಹೆಚ್ಚು ವ್ಯತ್ಯಾಸ ಸಿಗುತ್ತದೆ.

ಆಮೇಲೆ 1960ರ ದಶಕದಲ್ಲಿ ಅಂತರರಾಷ್ಟ್ರೀಯ ಮಾನಕ ಸಂಸ್ಥೆ ಕಂಟೇನರಿನ ಅಳತೆಗಳನ್ನು ಗೊತ್ತುಪಡಿಸಿತು. ಮೂಲೆಗಳಲ್ಲಿ ಕ್ರೇನ್ ಹಿಡಿಯುವ ಜಾಗವೂ ಎಲ್ಲ ಕಡೆ ಒಂದೇ ಆಯಿತು. ಇದರಿಂದ ಚೆನ್ನೈನ ಕ್ರೇನ್ ಎತ್ತಿದ ಪೆಟ್ಟಿಗೆಯನ್ನು ಹ್ಯಾಂಬರ್ಗಿನ ಕ್ರೇನೂ ಇಳಿಸಬಹುದು, ಮಧ್ಯೆ ಯಾರೂ ಬಾಗಿಲು ತೆಗೆಯಬೇಕಾಗಿಲ್ಲ. ಒಂದು ಮಾತನ್ನೂ ಇಲ್ಲಿ ಹೇಳಬೇಕು. ಆ ಉಳಿತಾಯದ ದೊಡ್ಡ ಪಾಲು ಬಂದರಿನ ಕೂಲಿಗಳ ಸಂಬಳವೇ ಆಗಿತ್ತು. ನ್ಯೂಯಾರ್ಕಿನ ಹಳೆಯ ಹಡಗುಕಟ್ಟೆಗಳು ಖಾಲಿಯಾದವು, ಸಾವಿರಾರು ಜನರ ಕೆಲಸ ಹೋಯಿತು. ಪುಸ್ತಕಗಳಲ್ಲಿ ಇದು ಕೊನೆಯಲ್ಲಿ ಒಂದು ಸಾಲಾಗಿ ಬರುತ್ತದೆ.

ಈಗ ನಮ್ಮ ಡಬ್ಬದ ದಾರಿ ಹಿಡಿಯೋಣ. ನಮಗೆ ಸಮುದ್ರ ದೂರ, ಆದರೆ ಬಂದರಿನ ಕೆಲಸದ ಮುಖ್ಯ ಭಾಗ ಬೆಂಗಳೂರಿನಲ್ಲೇ ನಡೆಯುತ್ತದೆ. ವೈಟ್‌ಫೀಲ್ಡ್‌ನಲ್ಲಿ ಒಳನಾಡು ಕಂಟೇನರ್ ಡಿಪೋ ಇದೆ. ನೀರಿಲ್ಲದ ಬಂದರು ಎನ್ನಬಹುದು. ಕಸ್ಟಮ್ಸ್ ಅಧಿಕಾರಿಗಳು ಅಲ್ಲೇ ಕಾಗದ ನೋಡಿ, ಪೆಟ್ಟಿಗೆಗೆ ಸೀಲು ಹಾಕುತ್ತಾರೆ. ಅಲ್ಲಿಂದ ರೈಲಿನಲ್ಲಿ ಚೆನ್ನೈಗೆ. ಚೆನ್ನೈನಿಂದ ಹೊರಟ ಪೆಟ್ಟಿಗೆ ಎಷ್ಟೋ ಬಾರಿ ಕೊಲಂಬೊದಂಥ ಬಂದರಿನಲ್ಲಿ ಇಳಿದು ದೊಡ್ಡ ಹಡಗು ಹತ್ತುತ್ತದೆ. ಈ ಬಸ್ ಬದಲಾಯಿಸುವ ಕೆಲಸ ನಮ್ಮ ದೇಶದಲ್ಲೇ ಆಗಲಿ ಎಂದು ಕೇರಳದ ವಿಳಿಂಜಂನಲ್ಲಿ ಆಳವಾದ ಬಂದರು ಕಟ್ಟಿ 2025ರ ಮೇ 2ರಂದು ಉದ್ಘಾಟಿಸಿದರು.

ದೊಡ್ಡ ಹಡಗು ಎಂದರೆ ಎಷ್ಟು ದೊಡ್ಡದು? 2021ರ ಮಾರ್ಚ್ 23ರಂದು ಸೂಯೆಜ್ ಕಾಲುವೆಯಲ್ಲಿ ಅಡ್ಡ ಸಿಕ್ಕಿಕೊಂಡ ‘ಎವರ್ ಗಿವನ್’ ಸುಮಾರು 400 ಮೀಟರ್ ಉದ್ದ. ನಮ್ಮ ಕಾಲೇಜಿನ ಗೇಟಿನ ಮುಂದೆ ನಿಲ್ಲಿಸಿದರೆ ರಸ್ತೆಯ ಎಷ್ಟು ಅಂಗಡಿ ಮುಚ್ಚುತ್ತದೋ ನೀವೇ ಅಂದಾಜು ಮಾಡಿ. ಅದರ ಮೇಲೆ ಸುಮಾರು 18,000 ಕಂಟೇನರ್ ಇದ್ದವು. ಸಿಬ್ಬಂದಿ 25 ಜನ, ಎಲ್ಲರೂ ಭಾರತೀಯರು. ಬಲವಾದ ಗಾಳಿ, ಧೂಳಿನ ನಡುವೆ ಹಡಗಿನ ಮುಂಭಾಗ ದಡಕ್ಕೆ ಹೂತುಹೋಯಿತು. ಮಾರ್ಚ್ 29ರಂದು ಬಿಡಿಸುವಷ್ಟರಲ್ಲಿ ನೂರಾರು ಹಡಗುಗಳು ಎರಡೂ ಕಡೆ ಸಾಲುಗಟ್ಟಿದ್ದವು. ಈ ಸುದ್ದಿ ಎಲ್ಲರಿಗೂ ಗೊತ್ತು, ಮೀಮ್‌ಗಳನ್ನೂ ನೋಡಿದ್ದೇವೆ. ಆದರೆ ಕಾಮರ್ಸ್ ವಿದ್ಯಾರ್ಥಿಗಳಿಗೆ ನಿಜವಾದ ಪಾಠ ಆಮೇಲಿನದು.

ಹಡಗು ಬಿಡುಗಡೆಯಾದ ಮೇಲೆ ಈಜಿಪ್ಟ್ ಪರಿಹಾರ ಕೇಳಿ ಅದನ್ನು ಜುಲೈ 7ರವರೆಗೆ ಹಿಡಿದಿಟ್ಟುಕೊಂಡಿತು. ಅಷ್ಟರಲ್ಲಿ ಹಡಗಿನ ಮಾಲೀಕರು ‘ಜನರಲ್ ಆವರೇಜ್’ ಘೋಷಿಸಿದರು. ಇದು ಸಮುದ್ರ ವ್ಯಾಪಾರದ ಬಹಳ ಹಳೆಯ ನಿಯಮ. ಬಿರುಗಾಳಿಯಲ್ಲಿ ಹಡಗನ್ನು ಉಳಿಸಲು ಒಬ್ಬನ ಮೂಟೆಗಳನ್ನು ಸಮುದ್ರಕ್ಕೆ ಎಸೆದರೆ, ಉಳಿದ ಎಲ್ಲರ ಸಾಮಾನು ಅದರಿಂದ ಉಳಿಯಿತಲ್ಲ, ಆದ್ದರಿಂದ ನಷ್ಟವನ್ನು ಎಲ್ಲರೂ ತಮ್ಮ ತಮ್ಮ ಸಾಮಾನಿನ ಬೆಲೆಗೆ ತಕ್ಕಂತೆ ಹಂಚಿಕೊಳ್ಳಬೇಕು. ನ್ಯಾಯವಾದ ನಿಯಮವೇ. ಆದರೆ ಇದರ ಪರಿಣಾಮ ನೋಡಿ: ಎವರ್ ಗಿವನ್‌ನಲ್ಲಿ ಒಂದು ಗೀಚೂ ಆಗದ ಪೆಟ್ಟಿಗೆಯ ಮಾಲೀಕನೂ ಹಡಗು ಬಿಡಿಸಿದ ಖರ್ಚಿನಲ್ಲಿ ಪಾಲು ಕೊಡುತ್ತೇನೆಂದು ಖಾತರಿ ಕೊಡಬೇಕಾಯಿತು. ಅದಿಲ್ಲದೆ ಸಾಮಾನು ಕೈಗೆ ಸಿಗದು. ಸಾಗರ ವಿಮೆ ಮಾಡಿಸಿದವರ ಪರವಾಗಿ ವಿಮಾ ಕಂಪನಿ ಖಾತರಿ ಕೊಡುತ್ತದೆ. ವಿಮೆ ಇಲ್ಲದವರು ಕೈಯಿಂದ ಠೇವಣಿ ಇಡಬೇಕು. ಒಂದು ಪೆಟ್ಟಿಗೆಯಲ್ಲಿ ಹತ್ತು ಡಬ್ಬದ ಜಾಗ ಹಿಡಿದ ಸಣ್ಣ ವ್ಯಾಪಾರಿಗೂ ಇದೇ ನಿಯಮ. ಬಿಸಿನೆಸ್ ಸ್ಟಡೀಸಿನಲ್ಲಿ ಸಾಗರ ವಿಮೆಯನ್ನು ಓದುವಾಗ ‘ನಮ್ಮೂರಿಗೆ ಇದೇಕೆ’ ಎಂದು ಹಿಂದಿನ ಬೆಂಚಿನವರು ಕೇಳಿದ್ದರು. ಉತ್ತರ ಇಲ್ಲಿದೆ.

ಕಾಲುವೆ ತೆರೆದ ಮೇಲೂ ದಾರಿ ಸುಗಮವಾಗಲಿಲ್ಲ. 2023ರ ನವೆಂಬರಿನಿಂದ ಕೆಂಪು ಸಮುದ್ರದಲ್ಲಿ ಯೆಮನ್‌ನ ಹೌತಿಗಳು ಹಡಗುಗಳ ಮೇಲೆ ದಾಳಿ ಆರಂಭಿಸಿದಾಗ ದೊಡ್ಡ ಕಂಪನಿಗಳು ಆಫ್ರಿಕಾದ ದಕ್ಷಿಣ ತುದಿಯನ್ನು ಸುತ್ತಿ ಹೋಗತೊಡಗಿದವು. ಯುರೋಪಿಗೆ ಹತ್ತರಿಂದ ಹದಿನಾಲ್ಕು ದಿನ ಹೆಚ್ಚು. ಹಡಗು ತಡವಾದರೆ ಪೆಟ್ಟಿಗೆಯೂ ತಡವಾಗಿ ಖಾಲಿಯಾಗುತ್ತದೆ, ತಡವಾಗಿ ವಾಪಸ್ ಬರುತ್ತದೆ, ಇತ್ತ ತುಂಬಿಸಲು ಖಾಲಿ ಪೆಟ್ಟಿಗೆಯೇ ಇರುವುದಿಲ್ಲ. ಕೊರೋನಾ ಕಾಲದಲ್ಲಿ ಆದದ್ದೂ ಇದೇ. ಡ್ರೂರಿ ಸಂಸ್ಥೆಯ ಸೂಚ್ಯಂಕದ ಪ್ರಕಾರ 2019ರಲ್ಲಿ 40 ಅಡಿಯ ಪೆಟ್ಟಿಗೆಗೆ ಸರಾಸರಿ ಸುಮಾರು 1,400 ಡಾಲರ್ ಇದ್ದ ಬಾಡಿಗೆ 2021ರ ಸೆಪ್ಟೆಂಬರಿನಲ್ಲಿ 10,000 ದಾಟಿತ್ತು. ಸಮುದ್ರದ ದೂರ ಒಂದು ಮೈಲಿಯೂ ಹೆಚ್ಚಾಗಿರಲಿಲ್ಲ.

ಇಷ್ಟೆಲ್ಲ ಅಪಾಯವನ್ನು ಹೊರುವವರು ಯಾರು? ಮಾರುವವರೋ, ಕೊಳ್ಳುವವರೋ? ಇದನ್ನು ತೀರ್ಮಾನಿಸುವುದು ಇನ್‌ವಾಯ್ಸಿನ ಮೇಲೆ ಬರೆಯುವ ಮೂರು ಅಕ್ಷರ. ಇವನ್ನು ಇನ್‌ಕೋಟರ್ಮ್ಸ್ ಎನ್ನುತ್ತಾರೆ. ಪ್ಯಾರಿಸಿನ ಅಂತರರಾಷ್ಟ್ರೀಯ ವಾಣಿಜ್ಯ ಮಂಡಳಿ 1936ರಿಂದ ಇವನ್ನು ಪ್ರಕಟಿಸುತ್ತಿದೆ, 2020ರ ಆವೃತ್ತಿಯಲ್ಲಿ ಹನ್ನೊಂದು ಇವೆ. ಎಫ್‌ಒಬಿ ಎಂದರೆ ನಮ್ಮ ಬಂದರಿನಲ್ಲಿ ಹಡಗಿಗೆ ಏರಿಸುವವರೆಗೆ ನಮ್ಮ ಹೊಣೆ, ಆಮೇಲೆ ಕೊಂಡವರದು. ಸಿಐಎಫ್ ಎಂದರೆ ಬಾಡಿಗೆ, ವಿಮೆ ಎರಡನ್ನೂ ನಾವು ಕಟ್ಟುತ್ತೇವೆ. ಆದರೆ ಹಡಗು ಹತ್ತಿದ ಮೇಲಿನ ಅಪಾಯ ಕೊಂಡವರದೇ. ಇದು ಪರೀಕ್ಷೆಯಲ್ಲೂ ಗೊಂದಲ ಮಾಡುವ ವಿಷಯ. ಡಿಡಿಪಿ ಎಂದರೆ ಆ ದೇಶದ ಸುಂಕವನ್ನೂ ನಾವೇ ಕಟ್ಟಿ ಬಾಗಿಲಿಗೆ ಮುಟ್ಟಿಸಬೇಕು. ಒಂದೇ ಬೊಂಬೆ, ಒಂದೇ ಬೆಲೆ, ಆದರೆ ಅಕ್ಷರ ಬದಲಾದರೆ ಲಾಭ ನಷ್ಟವಾಗುತ್ತದೆ. ಏನೂ ಬರೆಯದಿದ್ದರೆ? ಆಗ ಖರ್ಚು ಯಾರ ಕೈ ಸಣ್ಣದೋ ಅವರ ತಲೆಗೆ ಬರುತ್ತದೆ ಎಂಬುದು ನಾನು ಕಂಡದ್ದು.

ಕಾಗದದ ವಿಷಯ ಬೇಗ ಹೇಳಿಬಿಡುತ್ತೇನೆ. ಹಡಗಿನ ಸಾಮಾನಿಗೆ ಬಿಲ್ ಆಫ್ ಲೇಡಿಂಗ್ ಎಂಬ ಪತ್ರ ಬೇಕು. ಅದು ರಸೀದಿಯೂ ಹೌದು, ಮಾಲೀಕತ್ವದ ಪತ್ರವೂ ಹೌದು. ಮೂಲ ಪ್ರತಿ ತೋರಿಸದೆ ಸಾಮಾನು ಬಿಡಿಸಲಾಗದು. ಹೀಗಾಗಿ ಹಡಗು ಬಂದು ನಿಂತರೂ ಕಾಗದ ಬ್ಯಾಂಕಿನಲ್ಲಿ ಇದೆ ಎಂದು ಕಾಯುವ ಪರಿಸ್ಥಿತಿ ಬರುತ್ತದೆ, ಕಾದ ದಿನಗಳಿಗೆ ಬಂದರಿನಲ್ಲಿ ಬಾಡಿಗೆ ಬೀಳುತ್ತದೆ. ಇದಕ್ಕೆಲ್ಲ ಪರಿಹಾರವೆಂದು ಮೇರ್ಸ್ಕ್ ಹಡಗು ಕಂಪನಿ ಮತ್ತು ಐಬಿಎಂ ಸೇರಿ 2018ರಲ್ಲಿ ಬ್ಲಾಕ್‌ಚೈನ್ ಆಧಾರದ ‘ಟ್ರೇಡ್‌ಲೆನ್ಸ್’ ಎಂಬ ವ್ಯವಸ್ಥೆ ತಂದವು. ತಂತ್ರಜ್ಞಾನ ಚೆನ್ನಾಗಿತ್ತು. ಆದರೆ ಇಡೀ ಉದ್ಯಮ ಒಂದಾಗಿ ಅದಕ್ಕೆ ಕೈಜೋಡಿಸಲಿಲ್ಲ, 2022ರ ನವೆಂಬರಿನಲ್ಲಿ ಮುಚ್ಚುವುದಾಗಿ ಪ್ರಕಟಿಸಿದರು. ಪೆಟ್ಟಿಗೆಯ ಅಳತೆಗೆ ಎಲ್ಲರೂ ಒಪ್ಪಿದ್ದರು, ಕಾಗದಕ್ಕೆ ಒಪ್ಪಲಿಲ್ಲ. ನಮ್ಮ ದೇಶದಲ್ಲಿ 1856ರ ಹಳೆಯ ಕಾಯ್ದೆಯ ಬದಲು 2025ರಲ್ಲಿ ಹೊಸ ಬಿಲ್ ಆಫ್ ಲೇಡಿಂಗ್ ಕಾಯ್ದೆ ಬಂದಿದೆ.

ಈಗ ಆನ್‌ಲೈನ್ ಪಾರ್ಸೆಲ್. ಒಂದೊಂದೇ ಬೊಂಬೆ ಕೊಳ್ಳುವವರಿಗೆ ಕಂಟೇನರ್ ಕಳಿಸಲಾಗದು. ಅಮೆರಿಕದಲ್ಲಿ 2016ರಿಂದ 800 ಡಾಲರ್‌ವರೆಗಿನ ಪಾರ್ಸೆಲ್‌ಗೆ ಸುಂಕವಿರಲಿಲ್ಲ, ಕಾಗದವೂ ಕಡಿಮೆ. ಚೀನಾದ ದೊಡ್ಡ ಆನ್‌ಲೈನ್ ಕಂಪನಿಗಳು ಬೆಳೆದದ್ದು ಈ ಸಂದಿಯಲ್ಲೇ. ನಮ್ಮಂಥ ಸಣ್ಣವರೂ ಅದೇ ಸಂದಿಯಲ್ಲಿ ನುಗ್ಗುತ್ತಿದ್ದೆವು. ಈ ವಿನಾಯಿತಿ 2025ರ ಮೇ 2ರಂದು ಚೀನಾಕ್ಕೆ, ಆಗಸ್ಟ್ 29ರಂದು ಎಲ್ಲ ದೇಶಗಳಿಗೆ ರದ್ದಾಯಿತು. ಸುಂಕವನ್ನು ಯಾರು, ಹೇಗೆ ವಸೂಲು ಮಾಡಬೇಕೆಂಬುದೇ ಸ್ಪಷ್ಟವಿರಲಿಲ್ಲ. ಹಲವು ದೇಶಗಳ ಅಂಚೆ ಇಲಾಖೆಗಳು ಅಮೆರಿಕಕ್ಕೆ ಪಾರ್ಸೆಲ್ ತೆಗೆದುಕೊಳ್ಳುವುದನ್ನು ನಿಲ್ಲಿಸಿದವು. ನಮ್ಮ ಅಂಚೆ ಇಲಾಖೆ ಆಗಸ್ಟ್ 25ರಿಂದ ಸರಕಿನ ಬುಕಿಂಗ್ ನಿಲ್ಲಿಸಿ ಅಕ್ಟೋಬರ್ 15ರಂದು ಮತ್ತೆ ಆರಂಭಿಸಿತು. ಕ್ರಿಸ್‌ಮಸ್ ಆರ್ಡರುಗಳು ಬರುವ ಏಳು ವಾರಗಳು ಅವು. ಮತ್ತೆ ಆರಂಭವಾದಾಗ ಪದ್ಧತಿ ಬದಲಾಗಿತ್ತು: ಸುಂಕವನ್ನು, ಆಗ ಬೆಲೆಯ ಶೇ. 50, ಬುಕಿಂಗ್ ಮಾಡುವಾಗ ಇಲ್ಲಿಯೇ ಕಟ್ಟಿಸಿಕೊಳ್ಳುತ್ತಾರೆ. ಅಂದರೆ ಡಿಡಿಪಿ.

ಶೇ. 50 ಹೆಚ್ಚೇ. ಆದರೂ ಮೊದಲೇ ಕಟ್ಟುವುದು ಒಳ್ಳೆಯದು ಎಂದು ನನಗೆ ಅನ್ನಿಸುತ್ತದೆ. ಆ ಸೆಪ್ಟೆಂಬರಿನಲ್ಲಿ ಆಪಾ ಒಂದು ಖಾಸಗಿ ಕೊರಿಯರ್ ಮೂಲಕ ಸುಂಕ ಕಟ್ಟದೆ ಕಳಿಸಿದ ಒಂದು ಡಬ್ಬದ ಕಥೆ ಹೀಗಾಯಿತು: ಬಾಗಿಲಿಗೆ ಬಂದವರು ಸುಂಕ, ಅದರ ಮೇಲೆ ಸೇವಾ ಶುಲ್ಕ ಕೇಳಿದರು. ಕೊಂಡವರು ‘ಇದನ್ನು ಯಾರೂ ಹೇಳಿರಲಿಲ್ಲ’ ಎಂದು ಡಬ್ಬ ಬೇಡ ಎಂದರು. ಹಣ ವಾಪಸ್ ಕೊಟ್ಟೆವು. ಬೊಂಬೆ ವಾಪಸ್ ತರಿಸುವ ಬಾಡಿಗೆ ಬೊಂಬೆಯ ಬೆಲೆಗಿಂತ ಹೆಚ್ಚು, ಹಾಗಾಗಿ ಅದು ಅಲ್ಲೇ ಉಳಿಯಿತು. ಆ ಬೊಂಬೆಗೆ ಅರಗು ಹಾಕಿ ತಾಳೆಗರಿಯಲ್ಲಿ ಹೊಳಪು ಕೊಟ್ಟ ಖಾಲಾಗೆ ಕೂಲಿ ಕೊಡಲೇಬೇಕಲ್ಲ, ಮಾಮು ಕೊಟ್ಟರು. ಖಾತೆಯಲ್ಲಿ ಅದನ್ನು ಯಾವ ತಲೆಬರಹದಡಿ ಬರೆಯಬೇಕು ಎಂದು ನಮ್ಮ ಅಕೌಂಟೆನ್ಸಿ ಮೇಷ್ಟ್ರನ್ನು ಕೇಳಿದೆ, ಅವರು ಸ್ವಲ್ಪ ಹೊತ್ತು ಯೋಚಿಸಿದರು.

ಈಗ ನಮ್ಮಲ್ಲಿ ಕೆಲವು ಬದಲಾವಣೆಗಳಾಗಿವೆ. ಹೊರದೇಶದವರಿಗೆ ಆಪಾ ಸುಂಕ ಸೇರಿಸಿದ ಒಂದೇ ಬೆಲೆ ಹೇಳುತ್ತಾರೆ. ಬೆಲೆ ನೋಡಿ ಕೆಲವರು ಹೋಗುತ್ತಾರೆ, ಹೋಗಲಿ. ಮಾಮು ಹೊಸ ಮಾದರಿ ತಿರುಗಿಸುವ ಮೊದಲು ಡಬ್ಬದ ಅಳತೆ ಕೇಳುತ್ತಾರೆ. ಕುದುರೆ ಗಾಡಿಯ ಚಕ್ರ ಬಿಚ್ಚಿ ಜೋಡಿಸುವ ಹಾಗೆ ಮಾಡಿದ್ದಾರೆ, ಚಕ್ರಗಳು ಈಗ ಗಾಡಿಯ ಹೊಟ್ಟೆಯೊಳಗೆ ಕೂರುತ್ತವೆ. ಸ್ವೀಡನ್ನಿನ ಐಕಿಯಾ ಕಂಪನಿ 1950ರ ದಶಕದಲ್ಲಿ ಮೇಜಿನ ಕಾಲು ಬಿಚ್ಚಿ ಚಪ್ಪಟೆ ಡಬ್ಬದಲ್ಲಿ ಮಾರಲು ತೊಡಗಿದ್ದೂ ಇದೇ ಲೆಕ್ಕದಿಂದ. 40 ಸೆಂ.ಮೀ. ಎತ್ತರದ ಡಬ್ಬ 30ಕ್ಕೆ ಇಳಿದಿದೆ. ಸೂತ್ರಕ್ಕೆ ಹಾಕಿ ನೋಡಿ: 14.4, ಅಂದರೆ 14.5 ಕೆ.ಜಿ. ಒಂದು ಡಬ್ಬಕ್ಕೆ ಐದು ಕೆ.ಜಿ.ಯ ಬಾಡಿಗೆ ಉಳಿತಾಯ. ಜರ್ಮನಿಯ ಒಂದು ದೊಡ್ಡ ಆರ್ಡರಿಗೆ ಪಕ್ಕದ ಬೀದಿಯ ಇನ್ನೆರಡು ಘಟಕಗಳವರ ಜೊತೆ ಸೇರಿ ಎಲ್‌ಸಿಎಲ್‌ನಲ್ಲಿ ಕಳಿಸುವ ಮಾತು ನಡೆದಿದೆ. ಡಬ್ಬಗಳನ್ನಿಡುವ ಮರದ ಪ್ಯಾಲೆಟ್‌ಗೆ ಹುಳು ಸಾಯುವಂತೆ 56 ಡಿಗ್ರಿ ಶಾಖದಲ್ಲಿ 30 ನಿಮಿಷ ಇಟ್ಟು, ಗೋಧಿ ತೆನೆಯ ಮುದ್ರೆ ಹಾಕಿಸಿರಬೇಕು. ಮರದ ಕೆಲಸದವರಾದ ನಮಗೇ ಈ ನಿಯಮ ತಿಳಿದಿರಲಿಲ್ಲ ಎಂದು ಮೂರೂ ಮನೆಯವರು ನಕ್ಕರು. ಎಫ್‌ಒಬಿಯೋ ಸಿಐಎಫೋ ಎಂಬುದು ಮಾತ್ರ ಇನ್ನೂ ತೀರ್ಮಾನವಾಗಿಲ್ಲ.

ನಮ್ಮ ಕಾಲೇಜಿನಲ್ಲಿ ಬೊಂಬೆ ಮನೆಯವರು ಕಡಿಮೆ ಇಲ್ಲ. ರಫ್ತು ಮಾಡಲು ಬೇಕಾದ ಐಇಸಿ ಸಂಖ್ಯೆಗೆ ಡಿಜಿಎಫ್‌ಟಿ ವೆಬ್‌ಸೈಟಿನಲ್ಲಿ ಅರ್ಜಿ ಹಾಕಬಹುದು. ಪ್ಯಾನ್, ಬ್ಯಾಂಕ್ ಖಾತೆ, ವಿಳಾಸದ ದಾಖಲೆ ಸಾಕು, ಶುಲ್ಕ 500 ರೂಪಾಯಿ. ಅಂಚೆ ಇಲಾಖೆಯ ‘ಡಾಕ್ ಘರ್ ನಿರ್ಯಾತ್ ಕೇಂದ್ರ’ಗಳು ದೇಶದಲ್ಲಿ 1,000ಕ್ಕೂ ಹೆಚ್ಚು ಇವೆ, ಕಸ್ಟಮ್ಸ್ ಕಾಗದವನ್ನು ಅಲ್ಲಿಂದಲೇ ಆನ್‌ಲೈನ್‌ನಲ್ಲಿ ತುಂಬಬಹುದು. ಯಾರಿಗಾದರೂ ಡಬ್ಬದ ಲೆಕ್ಕ ಬೇಕಿದ್ದರೆ ಉದ್ದ, ಅಗಲ, ಎತ್ತರ ಮತ್ತು ತೂಕ ಬರೆದುಕೊಂಡು ದ್ವಿತೀಯ ಪಿಯುಸಿ ಕಾಮರ್ಸ್ ತರಗತಿಗೆ ಬನ್ನಿ. ಊಟದ ವಿರಾಮದಲ್ಲಿ ಅಲ್ಲೇ ಇರುತ್ತೇನೆ. ಅಳತೆಯನ್ನು ಡಬ್ಬದ ಹೊರಗಡೆಯಿಂದ ತೆಗೆಯಿರಿ, ಒಳಗಡೆಯಿಂದ ಅಲ್ಲ.